ಕೇಳದೆ ಕೊಟ್ಟ ಮನೆ

ಜೂನ್ ೧೨

ನಮ್ಮ ಶಾಸಕಿ ಸೊಸೆಗೆ ಮಾವನ ಆಶೀರ್ವಾದ.

ನೀನು ಬಸ್ಸು ಹತ್ತಿದ ಮೇಲೆ ಇಲ್ಲಿ ಯಾರಿಗೂ ಜ್ವರ ಬಂದಿಲ್ಲ. ಹಾಲು ಉಕ್ಕಿ ಒಲೆ ಆರಿದ್ದು ಬಿಟ್ಟರೆ ಬೇರೆ ಅನಾಹುತವೂ ಆಗಿಲ್ಲ. ಅಡುಗೆ ನಿನ್ನ ಗಂಡನದು, ಪಾತ್ರೆ ತೊಳೆಯುವುದು ನನ್ನದು, ತಪ್ಪು ಹುಡುಕುವುದು ಪುಟ್ಟಿಯದು. ಅವಳ ಜಡೆಯೊಂದೇ ನಮಗಿಬ್ಬರಿಗೂ ಬಗೆಹರಿಯದ ಸಮಸ್ಯೆ. ಈ ಎಸ್ಟೇಟಿನ ಅರ್ಧ ಬಾಗಿಲು ಕಿಟಕಿ ಮಾಡಿದ ಬಡಗಿ ನಾನು, ಮೊಮ್ಮಗಳ ಮೂರೆಳೆ ಕೂದಲು ಹೆಣೆಯಲು ಬರುವುದಿಲ್ಲ. ಪಕ್ಕದ ಮನೆಯ ಆಯಮ್ಮ ಎಸ್ಟೇಟಿನ ಶಿಶುವಿಹಾರದ ಕೆಲಸಕ್ಕೆ ಹೋಗುವ ಮೊದಲು ಬಂದು ಹಾಕಿಕೊಡುತ್ತಾಳೆ.

ಫೋನ್ ಮಾಡಬಾರದಿತ್ತೇ ಎಂದು ಕೇಳಬೇಡ. ಇಲ್ಲಿರುವ ಒಂದೇ ಫೋನು ಎಸ್ಟೇಟ್ ಆಫೀಸಿನಲ್ಲಿದೆ. ಅಲ್ಲಿ ಮಾತಾಡಿದರೆ ಲೆಕ್ಕ ಬರೆಯುವ ರೈಟರ್ ನಿನಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತಾನೆ.

ನಮ್ಮ ಜಗಲಿ ಈಗ ಕಚೇರಿಯಾಗಿಬಿಟ್ಟಿದೆ. ಚಹಾ ಎಲೆ ಕಿತ್ತು ಬರುವ ಹೆಂಗಸರು ಬುಟ್ಟಿ ಇಳಿಸಿ ಕೂತರೆ ಏಳುವುದಿಲ್ಲ. ಒಬ್ಬಳಿಗೆ ನಲ್ಲಿ ಬೇಕು, ಒಬ್ಬಳಿಗೆ ದವಾಖಾನೆಗೆ ಡಾಕ್ಟರು ಬೇಕು, ಒಬ್ಬಳಿಗೆ ಗಂಡನಿಗೆ ಬುದ್ಧಿ ಹೇಳುವವರು ಬೇಕು. ಎಲ್ಲರಿಗೂ "ಬರೀತೀನಿ" ಎನ್ನುತ್ತೇನೆ. ಶಾಸಕಿಯ ಮಾವನಾದ ಮೇಲೆ ಸುಳ್ಳು ಸಲೀಸಾಗಿ ಬರುತ್ತಿದೆ.

ಆದರೆ ಒಂದು ವಿಷಯ ನಿಜವಾಗಿಯೂ ಬರೆಯಬೇಕು. ಈ ತಿಂಗಳ ಕೊನೆಗೆ ಆಯಮ್ಮನ ಕೆಲಸ ಮುಗಿಯುತ್ತದೆ. ಮನೆ ಕಂಪನಿಯದು, ಕೆಲಸವಿದ್ದಷ್ಟು ದಿನ ಮನೆ, ಅದು ನಿನಗೆ ಗೊತ್ತಿದ್ದದ್ದೇ. ನನ್ನ ಕೆಲಸ ಮುಗಿದರೂ ಮಗ ಫ್ಯಾಕ್ಟರಿಯಲ್ಲಿ ಎಲೆ ಒಣಗಿಸುತ್ತಾನೆಂದು ನಾನು ಉಳಿದುಕೊಂಡೆ, ಕಂಪನಿಯ ಪುಸ್ತಕದಲ್ಲಿ ಮನೆ ಇನ್ನೂ ನನ್ನ ಹೆಸರಲ್ಲೇ ಇದೆ. ಅವಳು ಸಾಲಾಗಿ ನಿಂತ ಈ ಲೈನ್ ಮನೆಗಳ ಮಕ್ಕಳನ್ನೆಲ್ಲ ಸಾಕಿದಳು, ನಿನ್ನ ಗಂಡನನ್ನೂ ಸೇರಿಸಿ. ತನ್ನದು ಎಂದು ಒಂದು ಕೂಸಿಲ್ಲ. ನಿನ್ನೆ ಜಡೆ ಹಾಕುತ್ತಾ ಕೇಳಿದಳು: "ಮನೆ ನಮ್ಮ ಹೆಸರಿಗೆ ಮಾಡೋ ಅವಳ ಕಾನೂನು ಈ ತಿಂಗಳೊಳಗೆ ಬರುತ್ತಾ?"

ಕಾನೂನು ಬಸ್ಸಿನ ಹಾಗಲ್ಲ, ಹೇಳಿದ ಹೊತ್ತಿಗೆ ಬರುವುದಿಲ್ಲ ಎಂದೆ. ಬಸ್ಸೂ ಬರುವುದಿಲ್ಲವಲ್ಲ ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು ಹಾಕಿದ ಜಡೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಹಾಕಿದಳು.

ಇಂತಿ,
ನಿನ್ನ ಮಾವ


ಜೂನ್ ೨೩

ಮಾವನವರಿಗೆ ನಮಸ್ಕಾರ.

ಶಾಸಕರ ಭವನದಲ್ಲಿ ನನಗೊಂದು ಕೋಣೆ ಕೊಟ್ಟಿದ್ದಾರೆ. ಸೋಫಾಕ್ಕೆ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇದೆ, ಕೂತರೆ ಕಿರ್ರೆನ್ನುತ್ತದೆ. ಹಾಸಿಗೆ ಎಷ್ಟು ಮೆತ್ತಗಿದೆಯೆಂದರೆ ಎರಡು ದಿನ ಹೊರಳಾಡಿ ಕೊನೆಗೆ ನೆಲಕ್ಕೆ ಇಳಿದೆ. ನಲ್ಲಿಯಲ್ಲಿ ಹಗಲೂ ರಾತ್ರಿ ನೀರು. ಬಂದ ದಿನ ಅಭ್ಯಾಸಬಲದಿಂದ ಬಕೆಟ್ಟು, ಚೊಂಬು, ಕೊನೆಗೆ ಹೂದಾನಿಯನ್ನೂ ತುಂಬಿಸಿಟ್ಟಿದ್ದೆ. ಕೋಣೆ ಗುಡಿಸಲು ಬಂದಾಕೆ ನೋಡಿ, "ನೀರು ನಿಲ್ಲೋದಿಲ್ಲ ಮೇಡಂ" ಎಂದು ಸಮಾಧಾನ ಹೇಳಿದಳು.

ಮಸೂದೆ ಬಂದಿದೆ. ನಮ್ಮ ಜಗಲಿಯಲ್ಲಿ ಕೂತವರಿಗೆ ಅರ್ಥವಾಗುವಂತೆ ಬರೆಯುತ್ತೇನೆ, ಓದಿ ಹೇಳಿ. ತೋಟದ ನೆಲ ಸರ್ಕಾರದ್ದು, ಕಂಪನಿಗೆ ಗುತ್ತಿಗೆಗೆ ಕೊಟ್ಟದ್ದು. ಅದರಲ್ಲಿ ಲೈನ್ ಮನೆಗಳು ನಿಂತಿರುವ ನೆಲವನ್ನೂ ಹಿತ್ತಿಲನ್ನೂ ಗುತ್ತಿಗೆಯಿಂದ ಬಿಡಿಸಿ ಕಂಪನಿಯ ಪುಸ್ತಕದಲ್ಲಿ ಮನೆ ಯಾರ ಹೆಸರಲ್ಲಿದೆಯೋ ಆ ಕಾರ್ಮಿಕರಿಗೆ ಹಕ್ಕುಪತ್ರ ಮಾಡಿಕೊಡಬೇಕು ಎಂದಿದೆ. ಇದಕ್ಕಾಗಿ ನಾವು ಎಷ್ಟು ವರ್ಷ ಕೂಗಿದ್ದೇವೆಂದು ನಿಮಗೆ ಗೊತ್ತು. ಆದರೆ ಮಸೂದೆಯಲ್ಲಿ "ಕೆಲಸದಲ್ಲಿರುವ ಕಾರ್ಮಿಕರು" ಎಂದಷ್ಟೇ ಇದೆ. ಆಯಮ್ಮನಂಥವರು ಹೊರಗೆ. ನಾನು ಒಂದು ತಿದ್ದುಪಡಿ ಕೊಟ್ಟಿದ್ದೇನೆ, "ಅಥವಾ ನಿವೃತ್ತರಾದ" ಎಂದು ಸೇರಿಸಬೇಕೆಂದು. ಆ ಎರಡು ಪದ ಹಿಡಿದುಕೊಂಡು ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿದ್ದೇನೆ. ಒಬ್ಬ ಮಂತ್ರಿಗಳು ಎರಡು ಪದ ತಾನೆ, ನೋಡೋಣ ಎಂದರು. ಇನ್ನೊಬ್ಬರು ಎರಡೇ ಪದ ಅಂತೀರಿ, ಅದರಲ್ಲಿ ಎಷ್ಟು ಮನೆ ಇದೆ ಗೊತ್ತೇ ಎಂದರು.

ಆಯಮ್ಮ ಮಾತ್ರ ಕೀಲಿ ಕೊಡಬಾರದು. ಕಾರ್ಮಿಕ ಇಲಾಖೆಗೆ ಬರೆದಿದ್ದೇನೆ. ಯಾರು ಬಂದು ಕೇಳಿದರೂ ಕೊಡಬೇಡಿ ಎಂದು ನನ್ನ ಹೆಸರಲ್ಲಿ ಹೇಳಿ.

ಪುಟ್ಟಿಗೆ ಮುತ್ತು. ನಿಮ್ಮ ಮಗನಿಗೆ ಹಾಲು ಒಲೆಯ ಮೇಲಿಟ್ಟು ಪೇಪರ್ ಓದಬೇಡಿ ಎಂದು ಹೇಳಿ.

ನಿಮ್ಮ ಸೊಸೆ


ಜುಲೈ ೫

ಸೊಸೆಗೆ ಆಶೀರ್ವಾದ.

ಆಯಮ್ಮ ಕೀಲಿ ಕೊಟ್ಟುಬಿಟ್ಟಳು.

ನಾನು ಹೇಳಿದೆ, ನಿನ್ನ ಗಂಡ ಹೇಳಿದ, ಲೈನಿನ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ಕೂರುತ್ತೇವೆಂದರು. ರೈಟರ್ ಬಂದಾಗ ಅವಳು ಮನೆ ಗುಡಿಸಿ, ಒಲೆ ಒರೆಸಿ ಮುಗಿಸಿದ್ದಳು. ಕೀಲಿಯನ್ನು ಸೀರೆಯಲ್ಲಿ ಒರೆಸಿ ಅವನ ಕೈಗಿಟ್ಟಳು. ಯಾಕೆ ಹೀಗೆ ಮಾಡಿದೆ ಎಂದು ಆಮೇಲೆ ಗದರಿದೆ. "ಅವನೂ ನನ್ನ ತೊಟ್ಟಿಲಲ್ಲೇ ಬೆಳೆದ ಹುಡುಗ. ಕೀಲಿ ಇಲ್ಲದೆ ಹೋದ್ರೆ ಅವನ ಕೆಲಸ ಹೋಗುತ್ತೆ" ಎಂದಳು. ಬಾಗಿಲು ನಾನು ಮಾಡಿದ್ದು. ಅದರ ಮೇಲೆ ಈಗ ಕಂಪನಿಯ ಹೊಸ ಬೀಗ ತೂಗುತ್ತಿದೆ.

ಅವಳನ್ನು ನಮ್ಮಲ್ಲಿಗೇ ಕರೆತಂದೆವು. ಟ್ರಂಕು ನನ್ನ ಮೇಜಿನ ಕೆಳಗೆ, ಅವಳು ಮತ್ತು ಪುಟ್ಟಿ ಒಳಕೋಣೆಯಲ್ಲಿ, ಅಪ್ಪ ಮಗ ಇಬ್ಬರೂ ಹೊರಕೋಣೆಯಲ್ಲಿ. ಅಡುಗೆ ಅವಳ ಕೈಗೆ ಹೋದ ಮೇಲೆ ಈ ಮನೆಯಲ್ಲಿ ಯಾರೂ ಗೊಣಗುತ್ತಿಲ್ಲ. ಬೆಳಿಗ್ಗೆ ಎದ್ದು ಹೊರಗೆ ಹೋದವಳು ಮರೆತು ತನ್ನ ಮನೆಯ ಬಾಗಿಲಿಗೆ ಹೋಗಿ ಚಿಲಕಕ್ಕೆ ಕೈ ಹಾಕುತ್ತಾಳೆ. ಬೀಗ ಮುಟ್ಟಿ ವಾಪಸ್ ಬರುತ್ತಾಳೆ. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ.

ಇನ್ನೊಂದು. ಹೊಸ ಮ್ಯಾನೇಜರ್ ನಿನ್ನ ಗಂಡನನ್ನು ಕರೆಸಿ, ನಿನ್ನ ಹೆಂಡತಿಗೆ ಸ್ವಲ್ಪ ಹೇಳಪ್ಪ ಎಂದರಂತೆ. "ನಾನು ಹೇಳಿದ್ದು ಕೇಳೋಳಾಗಿದ್ರೆ ಅವಳು ಶಾಸಕಿ ಆಗ್ತಿರಲಿಲ್ಲ ಸಾರ್" ಎಂದನಂತೆ ಇವನು. ಅವರು ನಕ್ಕು ಕಳಿಸಿದರಂತೆ. ಅವನ ಬಾಯಿಂದ ಅಷ್ಟುದ್ದದ ಮಾತು ನಾನಂತೂ ಕೇಳಿಲ್ಲ.

ಆ ಎರಡು ಪದಗಳನ್ನು ಬಿಡಬೇಡ.

ಇಂತಿ,
ನಿನ್ನ ಮಾವ


ಜುಲೈ ೨೦

ಮಾವ,

ಗೆದ್ದೆವು. ಮೊದಲು ಅದನ್ನು ಬರೆದು ಆಮೇಲೆ ಉಳಿದದ್ದು ಬರೆಯುತ್ತೇನೆ.

ಮೊನ್ನೆ ಸದನದಲ್ಲಿ ಮಾತಾಡಲು ಎದ್ದೆ. ಬರೆದುಕೊಂಡು ಹೋದದ್ದನ್ನೆಲ್ಲ ಬಿಟ್ಟು ಆಯಮ್ಮ ಕೀಲಿ ಒರೆಸಿ ಕೊಟ್ಟ ವಿಷಯ ಹೇಳಿದೆ. ಆಗ ಬಿಳಿ ಮೀಸೆಯವರೊಬ್ಬರು ಎದ್ದರು. ಅವರು ತೋಟದ ಮಾಲೀಕರ ಪರವಾಗಿ ಮಾತಾಡುವ ಹಿರಿಯ ಸದಸ್ಯರು, ದನಿ ಏರಿಸದೆಯೇ ಎದುರಿನವರನ್ನು ಕೂರಿಸಿಬಿಡುತ್ತಾರೆ. ನಾನು ಲೈನ್ ಮನೆಯಲ್ಲೇ ಇರುವುದನ್ನೂ, ಮನೆ ನಿಮ್ಮ ಹೆಸರಲ್ಲಿದ್ದು ನೀವು ನಿವೃತ್ತರೆಂಬುದನ್ನೂ ಯಾರೋ ಅವರಿಗೆ ಬರೆದುಕೊಟ್ಟಿದ್ದರು. "ಈ ಎರಡು ಪದ ಸೇರಿಸಿದ್ರೆ ಮೊದಲ ಹಕ್ಕುಪತ್ರ ಯಾರ ಮನೆಗೆ ಹೋಗುತ್ತೆ? ಸದಸ್ಯೆ ಊರಿನ ಪರ ಮಾತಾಡ್ತಿದ್ದಾರೋ, ಸ್ವಂತ ಮನೆ ಪರವೋ?" ಎಂದರು. ಆ ಕಡೆಯವರೆಲ್ಲ ನಕ್ಕರು.

ನನ್ನ ಕಿವಿ ಕಾದುಹೋಯಿತು. ಏನು ಹೇಳುತ್ತಿದ್ದೇನೆಂದು ಯೋಚಿಸುವ ಮೊದಲೇ ಬಾಯಿಗೆ ಬಂತು: "ನಮ್ಮ ಮನೆ ಒಂದನ್ನ ಬಿಟ್ಟುಬಿಡಿ. ನಮಗೆ ಬೇಡ. ಉಳಿದ ಎಲ್ಲರಿಗೂ ಕೊಡಿ."

ನೀವು ಅಲ್ಲಿರಬೇಕಿತ್ತು. ನಮ್ಮವರು ಮಾತ್ರವಲ್ಲ, ಆ ಕಡೆಯವರೂ ಕೆಲವರು ಮೇಜು ಕುಟ್ಟಿದರು. ಮರುದಿನ ಪತ್ರಿಕೆಯಲ್ಲಿ ನನ್ನ ಫೋಟೋ. ಮಂತ್ರಿಗಳು ಕರೆದು, ತಿದ್ದುಪಡಿ ಒಪ್ಪಿದ್ದೇವೆ, ಇನ್ನು ಬೇಡ ಎನ್ನಲು ಯಾರಿಗೂ ಮುಖವಿಲ್ಲ ಎಂದರು. ಕೊನೆಯ ಮತದಾನ ಮುಂದಿನ ತಿಂಗಳು. ಅಷ್ಟಾದರೆ ಆಯಮ್ಮನಿಗೆ ಮನೆ ಬಂದ ಹಾಗೆ.

ಮಾವ, ನಿಮ್ಮನ್ನು ಕೇಳಲು ಸಮಯವಿರಲಿಲ್ಲ. ನೀವು ಅಲ್ಲಿದ್ದರೆ ನೀವೂ ಇದನ್ನೇ ಹೇಳುತ್ತಿದ್ದಿರಿ. ನನಗೆ ಅನುಮಾನವಿಲ್ಲ.

ನಿಮ್ಮ ಸೊಸೆ


ಜುಲೈ ೨೮

ಮಾನ್ಯ ಶಾಸಕರಿಗೆ,

ಪತ್ರ ಬಂತು. ಪೇಪರೂ ಬಂತು. ಫೋಟೋ ಚೆನ್ನಾಗಿದೆ. ಲೈನಿನವರಿಗೆಲ್ಲ ಸಂತೋಷವಾಗಿದೆ.

ಪುಟ್ಟಿಗೆ ಮುಂದಿನ ಹಲ್ಲೊಂದು ಬಿದ್ದಿದೆ. ಮಳೆ ಚೆನ್ನಾಗಿದೆ, ಎಲೆ ಚೆನ್ನಾಗಿ ಬರುತ್ತಿದೆ ಎನ್ನುತ್ತಾರೆ.

ಇಂತಿ,
ಎಸ್ಟೇಟಿನ ನಿವೃತ್ತ ಬಡಗಿ


ಆಗಸ್ಟ್ ೬

ಮಾವನವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ತಿರುಗಿಸಿ ಹಿಂದೆಯೂ ನೋಡಿದೆ, ಏನಾದರೂ ಬರೆದಿದ್ದೀರೋ ಎಂದು. ಮದುವೆಯಾಗಿ ಆ ಮನೆಗೆ ಬಂದಂದಿನಿಂದ ನೀವು ನನ್ನನ್ನು ಗದರಿದ್ದೀರಿ, ರೇಗಿಸಿದ್ದೀರಿ, ಚುನಾವಣೆಗೆ ನಿಲ್ಲು ಎಂದು ದಬ್ಬಿದವರೂ ನೀವೇ. ಮಾನ್ಯ ಎಂದು ಕರೆದಿರಲಿಲ್ಲ.

ನಿಮ್ಮ ಮಗನಿಗೆ ಬರೆದು ಕೇಳಿದೆ. ಅವರಿಂದ ಒಂದು ಕಾರ್ಡು ಬಂತು: "ಅಪ್ಪ ಊಟ ಮಾಡುತ್ತಿದ್ದಾರೆ. ಮಾತಾಡುತ್ತಿಲ್ಲ." ಅಷ್ಟೇ. ಅವರ ಕಡೆಯಿಂದ ಅದೇ ಹೆಚ್ಚು.

ಇಲ್ಲಿ ದಾರಿಯಲ್ಲಿ ಹೋಗುವವರೂ ನಿಲ್ಲಿಸಿ ಹೊಗಳುತ್ತಿದ್ದಾರೆ. ಒಂದು ವಾರದಿಂದ ಆ ಹೊಗಳಿಕೆ ನನಗೆ ಸರಿಬರುತ್ತಿಲ್ಲ. ಬೈಯುವುದಿದ್ದರೆ ಬೈದು ಬರೆಯಿರಿ. ಹಲ್ಲು, ಮಳೆ, ಎಲೆ ಎಂದು ಬರೆಯಬೇಡಿ.

ನಿಮ್ಮ ಸೊಸೆ


ಆಗಸ್ಟ್ ೧೬

ಸೊಸೆಗೆ,

ಬೈದು ಬರೆ ಎಂದಿದ್ದೀ. ಬರೆಯುತ್ತೇನೆ.

ಪೇಪರು ಬಂದ ದಿನ ಜಗಲಿ ತುಂಬ ಜನ. ಎಂಥಾ ಸೊಸೆ, ಎಂಥಾ ದೊಡ್ಡ ಮನಸ್ಸು ಎಂದು ನನ್ನ ಕೈ ಹಿಡಿದು ಕುಲುಕಿದರು. ನಾನು ಹಲ್ಲು ಬಿಟ್ಟುಕೊಂಡು ನಿಂತಿದ್ದೆ. ಎಲ್ಲರೂ ಹೋದ ಮೇಲೆ ಆಯಮ್ಮ ಮೆಲ್ಲಗೆ ಹತ್ತಿರ ಬಂದು, "ನನ್ನ ಮನೆ ನನಗೆ ಬಂದ್ಮೇಲೆ ನೀವೆಲ್ಲ ನನ್ನ ಜೊತೆಗೇ ಬಂದ್ಬಿಡಿ ಅಣ್ಣಾ" ಎಂದಳು. ನನ್ನ ಮೇಜಿನ ಕೆಳಗೆ ಟ್ರಂಕು ಇಟ್ಟುಕೊಂಡಿರುವವಳು ನನಗೆ ಜಾಗ ಕೊಡುತ್ತಾಳಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಾನು ಹುಟ್ಟಿದ್ದು ಈ ಒಳಕೋಣೆಯಲ್ಲಿ. ನಿನ್ನ ಅತ್ತೆ ಕಣ್ಣು ಮುಚ್ಚಿದ್ದೂ ಇಲ್ಲೇ. ನನ್ನಪ್ಪನ ಕೆಲಸ ಮುಗಿದಾಗ ನಾನಿದ್ದೆನೆಂದು ಅವನು ಉಳಿದ. ನನ್ನದು ಮುಗಿದಾಗ ಮಗನಿದ್ದನೆಂದು ನಾನು ಉಳಿದೆ. ಆವತ್ತು ಹಳೆಯ ಮ್ಯಾನೇಜರ್ ಬೆನ್ನು ತಟ್ಟಿ, ಇರಪ್ಪಾ, ನಿನ್ನನ್ನು ಯಾರು ಹೊರಗೆ ಹಾಕುತ್ತಾರೆ ಎಂದಿದ್ದರು. ಒಳ್ಳೆಯ ಮನುಷ್ಯ. ಆದರೆ ಆವತ್ತಿನಿಂದ ನಾನಿರುವುದು ಅವರ ಒಳ್ಳೆಯತನದಲ್ಲಿ. ಈಗ ನಿನ್ನ ದೊಡ್ಡತನದಿಂದ ಹೊರಗೆ ಬಿದ್ದೆ. ಇರು ಎಂದಾಗಲೂ ನನ್ನನ್ನು ಯಾರೂ ಕೇಳಲಿಲ್ಲ, ಬೇಡ ಎಂದಾಗಲೂ ಕೇಳಲಿಲ್ಲ.

ತ್ಯಾಗ ಎಂದು ಪೇಪರಿನವರು ಬರೆದಿದ್ದಾರೆ. ತ್ಯಾಗ ಮಾಡಿದವನು ನಾನು, ಫೋಟೋ ಮಾತ್ರ ನಿನ್ನದು.

ಕೇಳಿದ್ದರೆ ಹೂಂ ಎನ್ನುತ್ತಿದ್ದೆನೋ ಏನೋ. ಆಯಮ್ಮನ ಮುಖ ನೋಡಿಯಾದರೂ ಹೂಂ ಎನ್ನುತ್ತಿದ್ದೆ. ನನ್ನ ಸಿಟ್ಟು ಅದೇ. ಹೂಂ ಎನ್ನುವಷ್ಟು ಅಧಿಕಾರವೂ ನನಗೆ ಉಳಿಯಲಿಲ್ಲ.

ಕಾನೂನು ಬಂದ ದಿನ ನಾನು ನನ್ನ ಹೆಸರಲ್ಲೇ ಅರ್ಜಿ ಹಾಕುತ್ತೇನೆ. ಅದರಿಂದ ನಿನಗೆ ನಾಲ್ಕು ಜನರೆದುರು ತಲೆ ತಗ್ಗಿಸುವಂತಾದರೆ ಈಗಲೇ ಹೇಳು. ಹೇಳಿದರೂ ಹಾಕುತ್ತೇನೆ.

ಬೈದು ಮುಗಿಯಿತು. ಪತ್ರ ಬರೆಯುವುದು ನಿಲ್ಲಿಸಬೇಡ.

ನಿನ್ನ ಮಾವ


ಆಗಸ್ಟ್ ೩೦

ಮಾವ,

ನಿಮ್ಮ ಪತ್ರ ಬಂದ ದಿನ ನಾನು ಊಟದ ಕೋಣೆಗೆ ಇಳಿಯಲಿಲ್ಲ. ಮರುದಿನ ಎದ್ದು ನೇರ ಕಾನೂನು ಇಲಾಖೆಗೆ ಹೋದೆ. ಮಸೂದೆಗಳನ್ನು ತಿದ್ದುವ ಅಧಿಕಾರಿಯೊಬ್ಬರಿದ್ದಾರೆ, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮೇಜೆಲ್ಲ ಹುಡುಕುವ ಹೆಂಗಸು. ನಾನು ಸದನದಲ್ಲಿ ಆಡಿದ ಮಾತಿನಿಂದ ನಮ್ಮ ಮನೆ ಹೋಯಿತೇ ಎಂದು ಕೇಳಿದೆ. ಅವರು ನಗಲು ಶುರುಮಾಡಿದವರು ಬೇಗ ನಿಲ್ಲಿಸಲಿಲ್ಲ.

"ಆ ಮನೇಲಿ ನಿಮ್ಮ ಹೆಸರಿಗೆ ಏನಿದೆ ಅಂತ ಕೊಟ್ರಿ? ಹಕ್ಕು ದುಡಿದವರದ್ದು, ನಿಮ್ಮ ಮಾವನದ್ದು. ಅವರು ಬೇಡ ಅಂದ್ರೆ ಮಾತ್ರ ಬೇಡ" ಎಂದರು. ಭಾಷಣದಲ್ಲಿ ಆಡಿದ ಮಾತು ಮಸೂದೆಗೆ ಸೇರುವುದಿಲ್ಲವಂತೆ. ನಿಮ್ಮ ಹಕ್ಕು ಬರುವುದು ಆ ಎರಡು ಪದಗಳಿಂದ. ಅವನ್ನು ನಾನು ಹೋರಾಡಿ ಒಳಗೆ ಸೇರಿಸಿದೆ, ಒಳಗಿರುವುದು ನೀವೆಂದೇ ಮರೆತೆ.

ಆ ಮೆಟ್ಟಿಲು ಇಳಿಯುವಾಗ ಎದೆ ಹಗುರಾಯಿತು. ಆದರೆ ಮನೆ ಉಳಿಯಿತು ಎಂದು ಸುಮ್ಮನಿದ್ದರೆ ನಿಮಗೆ ನಾನು ಮಾಡಿದ್ದು ಸರಿಹೋಗುತ್ತಿರಲಿಲ್ಲ. ಎಲ್ಲರೆದುರು ಕೊಟ್ಟದ್ದನ್ನು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ನಮ್ಮ ಪಕ್ಷದವರು ಬೇಡ, ಮತದಾನದ ದಿನ ಇದೆಲ್ಲ ಕೆದಕಬೇಡಿ ಎಂದರು. ಇವತ್ತು ಸದನದಲ್ಲಿ ನಾನು ಎದ್ದೇಬಿಟ್ಟೆ.

"ಆವತ್ತು ನಾನೊಂದು ಮನೆ ಬಿಟ್ಟುಕೊಟ್ಟೆ. ಅದು ನನ್ನದಲ್ಲ. ಅಲ್ಲೇ ಹುಟ್ಟಿ, ಈ ತೋಟಕ್ಕೆ ಜೀವಮಾನ ದುಡಿದ ನನ್ನ ಮಾವನದ್ದು. ಅವರನ್ನ ನಾನು ಕೇಳಿರಲಿಲ್ಲ. ಆ ಮಾತು ವಾಪಸ್ ತಗೋತೀನಿ."

ಬಿಳಿ ಮೀಸೆಯವರು ಎದ್ದರು. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ. "ನಿಮ್ಮ ಮಾವ ಏನು ಕೆಲಸದಲ್ಲಿದ್ರು?" ಎಂದು ಕೇಳಿದರು. ಬಡಗಿ ಎಂದೆ. ಅವರು ಅಷ್ಟಕ್ಕೇ ಕೂತರು. ಮತ ಹಾಕುವಾಗ ವಿರೋಧವಾಗಿಯೇ ಕೈ ಎತ್ತಿದರು. ಆದರೆ ಅವರ ಜೊತೆ ಕೈ ಎತ್ತಿದವರು ನಾನಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಮಸೂದೆ ಪಾಸಾಯಿತು ಮಾವ. ಎರಡು ಪದವೂ ಒಳಗಿವೆ.

ಎಲ್ಲ ಸಿಕ್ಕಿತೆಂದು ಹೇಳುವುದಿಲ್ಲ. ಹಿತ್ತಿಲಾಚೆ ತೊರೆಯವರೆಗಿನ ತರಕಾರಿ ಮಡಿಗಳು ಕಂಪನಿಗೇ ಉಳಿದವು. ಕುಡಿಯುವ ನೀರು, ದವಾಖಾನೆಯ ಡಾಕ್ಟರು ಮುಂದಿನ ಅಧಿವೇಶನಕ್ಕೆ ಹೋದವು. ಅದಕ್ಕೆ ಮತ್ತೆ ಅಲೆಯುತ್ತೇನೆ. ಈಗ ಮಾತ್ರ ಚಪ್ಪಲಿ ಕಳಚಿ ಕಾರಿಡಾರಿನ ಬೆಂಚಿನ ಮೇಲೆ ಕಾಲು ಚಾಚಿ ಕೂತು ಇದನ್ನು ಬರೆಯುತ್ತಿದ್ದೇನೆ. ಹೋಗುವವರು ನೋಡುತ್ತಿದ್ದಾರೆ, ನೋಡಲಿ.

ನಿಮಗೆ ತುಂಬ ನೋವು ಮಾಡಿದೆ. ಅರ್ಜಿ ಹಾಕಿ. ನನ್ನ ತಲೆ ತಗ್ಗುವುದಿಲ್ಲ.

ನಿಮ್ಮ ಸೊಸೆ


ನವೆಂಬರ್ ೨೧

ನಮ್ಮ ಸೊಸೆಗೆ ಮಾವನ ಆಶೀರ್ವಾದ.

ಹಕ್ಕುಪತ್ರ ಹಂಚುವ ದಿನ ನೀನು ಬೇರೆ ಎಸ್ಟೇಟುಗಳಿಗೆ ಹೋಗಿ, ನಮ್ಮ ಲೈನಿಗೆ ಬೇರೆಯವರು ಕೊಡಲಿ ಎಂದದ್ದು ಒಳ್ಳೆಯದಾಯಿತು. ನೀನು ಇದ್ದಿದ್ದರೆ ಎಲ್ಲರೂ ಅಳುತ್ತಿದ್ದರು. ನೀನಿರಲಿಲ್ಲ, ಕೆಲವರು ಮಾತ್ರ ಅತ್ತರು.

ಆಯಮ್ಮನ ಕೀಲಿಯನ್ನು ರೈಟರೇ ತಂದ. ಅವಳು ಮುಟ್ಟಲಿಲ್ಲ, ನೀನೇ ತೆಗಿ ಎಂದಳು. ಅವನು ಬೀಗ ತೆಗೆದು ಪಕ್ಕಕ್ಕೆ ನಿಂತ. ಬಾಗಿಲು ಹಿಡಿದುಕೊಂಡಿತ್ತು, ನಾನು ಭುಜ ಕೊಟ್ಟು ತಳ್ಳಿದೆ. ಅವಳು ಒಳಗೆ ಹೋಗಿ, ಎಷ್ಟು ಧೂಳು ಕೂರಿಸಿದ್ದೀಯ ಎಂದು ಆ ಹುಡುಗನನ್ನು ಬೈದಳು. ಅವನು ಪೊರಕೆ ಹಿಡಿದ. ಟ್ರಂಕಿನ ಹಿಂದೆ ಪುಟ್ಟಿಯೂ ತನ್ನ ದಿಂಬು ಹಿಡಿದು ಹೋದಳು. ನಮ್ಮ ಮನೆಯ ಊಟ ಮತ್ತೆ ಮೊದಲಿನಂತಾಗಿದೆ.

ಸರ್ವೆಯವರು ಅಳತೆಗೆ ಬಂದಾಗ ಎರಡು ಮನೆಯ ನಡುವಿನ ಮೋರಿ ಯಾರದೆಂದು ನನಗೂ ಆಯಮ್ಮನಿಗೂ ಜೋರು ಜಗಳ. ಒಂದೇ ಸೂರಿನಡಿ ಇಷ್ಟು ತಿಂಗಳು ಒಂದು ಒರಟು ಮಾತಿಲ್ಲದೆ ಇದ್ದವರು. ಸ್ವಂತದ್ದು ಎಂದಾದ ಮೇಲೆ ಜಗಳಕ್ಕೂ ಒಂದು ರುಚಿ ಬರುತ್ತದೆ. ಸರ್ವೆಯವರು ಬೇಸತ್ತು ಮೋರಿಯ ನಟ್ಟನಡುವೆ ಗೆರೆ ಎಳೆದರು.

ಹಕ್ಕುಪತ್ರ ಕೈಗೆ ಬಂದ ದಿನ ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಒರಗೋಣವೆಂದು ಮಲಗಿದೆ. ಎಚ್ಚರವಾದಾಗ ಸಂಜೆ. ಯಾರೂ ಎಬ್ಬಿಸಿರಲಿಲ್ಲ, ಬಾಗಿಲು ಹಾಗೇ ತೆರೆದಿತ್ತು. ಅಂಥ ನಿದ್ದೆ ನಾನು ಯಾವಾಗ ಮಾಡಿದ್ದೆನೋ ನೆನಪಿಲ್ಲ.

ಇನ್ನು ನೀನು ಕೇಳಬೇಕಾದದ್ದು. ಶಾಲೆಯ ಮೈದಾನದಲ್ಲಿ ಮೇಜು ಹಾಕಿಕೊಂಡು ಕೂತ ಅಧಿಕಾರಿ ನನ್ನ ಹೆಸರು ಬರೆದು, ಜೊತೆಗೆ ಮನೆಯ ಹೆಂಗಸೊಬ್ಬರ ಹೆಸರೂ ಬರೆಯಬಹುದು, ಯಾರದು ಎಂದರು. ನಿನ್ನ ಹೆಸರು ಹೇಳಿದೆ. ಅವರು ಪೆನ್ನು ನಿಲ್ಲಿಸಿ ತಲೆ ಎತ್ತಿದರು.

"ಅವರು ಬೇಡ ಅಂದಿದ್ರಲ್ಲ, ಪೇಪರಲ್ಲಿ ಬಂದಿತ್ತು. ಅವರನ್ನ ಕೇಳಿದ್ರಾ?"

"ಇಲ್ಲ ಸಾರ್. ಕೇಳದೆ ಕೊಡೋದು ನಮ್ಮ ಮನೇಲಿ ರೂಢಿ" ಎಂದೆ.

ಪಕ್ಕದಲ್ಲಿ ನಿಂತಿದ್ದ ನಿನ್ನ ಗಂಡ ನಕ್ಕ ನಗು ಅವನ ಮದುವೆಯ ದಿನವೂ ನಾನು ಕೇಳಿರಲಿಲ್ಲ. ಅಧಿಕಾರಿ ಬರೆದುಕೊಂಡರು.

ಆ ಹೆಸರು ತೆಗೆಸಬೇಕೆಂದರೆ ಇಬ್ಬರ ಸಹಿಯೂ ಬೇಕಂತೆ. ನಾನು ಹಾಕುವುದಿಲ್ಲ.

ಇಂತಿ,
ನಿನ್ನ ಮಾವ